ನಾಗವೇಣಿ ಬಂದ ವರ್ಷದ ಹೊಸ ಬಟಾಟೆ

ಬಟಾಟೆ ಹೊಸತು ಹೌದೋ ಅಲ್ಲವೋ ಎಂದು ನೋಡಲು ಹೆಬ್ಬೆರಳು ಸಾಕು. ಒಮ್ಮೆ ಒತ್ತಿ ತಿಕ್ಕಿದರೆ ಸಿಪ್ಪೆ ಹಗುರಾಗಿ ಬಿಟ್ಟುಕೊಂಡು ಸುರುಟಿಕೊಳ್ಳಬೇಕು, ಒಳಗಿನ ತಿರುಳು ಒದ್ದೆಯಾಗಿ ಹೊಳೆಯಬೇಕು. ಕಳೆದ ಮಂಗಳವಾರ ಶಿರಸಿ ಸಂತೆಯಲ್ಲಿ ಹಾಗೆ ಒಂದನ್ನು ತಿಕ್ಕಿ ಮೂಗಿನ ಹತ್ತಿರ ಹಿಡಿದೆ. ಮಳೆ ನಿಂತ ಮೇಲಿನ ಹೊಲದ ಮಣ್ಣಿನ ವಾಸನೆ, ಅದರ ಹಿಂದೆ ಒಂದು ಹಸಿ ಸಿಹಿ. ಆ ವಾಸನೆಯ ಬೆನ್ನಿಗೇ ನಾಗವೇಣಿ ನೆನಪಿಗೆ ಬಂದಳು. ಏಳೆಂಟು ವರ್ಷವಾದರೂ ಅವಳು ನೆನಪಿಗೆ ಬಂದರೆ ನನಗೆ ಮೊದಲು ಆಗುವುದು ಹೊಟ್ಟೆಕಿಚ್ಚು. ಬೇರೆಯದೆಲ್ಲ ಆಮೇಲೆ.

ನನ್ನ ವಿಷಯ ಮೊದಲು ಹೇಳಿಬಿಡುತ್ತೇನೆ. ಶಿರಸಿ ಪೇಟೆಯಲ್ಲಿ ಸಣ್ಣ ಕಾರ್ಯಗಳಿಗೆ ಅಡಿಗೆ ಮಾಡಿಕೊಡುವುದು ನನ್ನ ಕೆಲಸ. ಮದುವೆ ಮುಂಜಿಯ ದೊಡ್ಡ ಅಡಿಗೆಗೆ ಗಂಡಸರ ತಂಡಗಳಿವೆ. ನಲವತ್ತು ಐವತ್ತು ಎಲೆಯ ಊಟ, ಸತ್ಯನಾರಾಯಣ ಕಥೆ, ಮಗುವಿನ ಹುಟ್ಟುಹಬ್ಬ, ಬಾಡಿಗೆ ಮನೆಯಲ್ಲಿ ಹಾಲು ಉಕ್ಕಿಸುವುದು, ಇಂಥವೆಲ್ಲ ನನ್ನ ಪಾಲಿಗೆ. ಅದರಲ್ಲೂ ಬಟಾಟೆ ಎಂದರೆ ಸುಮಿತ್ರಕ್ಕ ಎಂದು ಓಣಿಯಲ್ಲಿ, ನೆಂಟರಲ್ಲಿ ಒಂದು ಮಾತು ಬಿದ್ದುಹೋಗಿತ್ತು. ಆ ಮಾತನ್ನು ನಾನೇನೂ ಕೆಳಗೆ ಬೀಳಗೊಟ್ಟವಳಲ್ಲ.

ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಹೇಳಿಕೊಳ್ಳುವಷ್ಟು ಬಟಾಟೆ ಬೆಳೆಯುವುದಿಲ್ಲ. ಎಲ್ಲ ಹೊರಗಿನಿಂದ ಬರಬೇಕು. ಹಾಗಾಗಿ ಯಾವುದು ಎಲ್ಲಿಯದು ಎಂದು ಗುರುತಿಸುವುದೇ ಇಲ್ಲಿ ಒಂದು ವಿದ್ಯೆ. ಬೆಳಗಾವಿ ಕೆಂಪು ಮಣ್ಣಿನದು ಗಟ್ಟಿ ಜಾತಿ, ಕಾಯಿರಸದಲ್ಲಿ ಎಷ್ಟು ಕುದಿಸಿದರೂ ಕರಗುವುದಿಲ್ಲ, ತೆಂಗಿನಕಾಯಿ ಕೊತ್ತಂಬರಿ ಅರೆದ ರಸವನ್ನು ಕುಡಿದು ಕೂರುತ್ತದೆ. ಹಾಸನದ್ದು ಗುಂಡಗೆ, ಬೆಳ್ಳಗೆ. ಬೆಂದರೆ ಹಿಟ್ಟು ಹಿಟ್ಟು. ಬೇಯಿಸಿ ಹಿಸುಕಿ, ಮೊಸರು ಬೆರೆಸಿ, ಸಾಸಿವೆ ಒಗ್ಗರಣೆ ಕೊಡುವ ನಮ್ಮ ಹಶಿಗೆ ಅದೇ ಆಗಬೇಕು. ಧಾರವಾಡ ಕಡೆಯದರ ಕಣ್ಣುಗಳಲ್ಲಿ ಕಪ್ಪು ಮಣ್ಣು ಕಚ್ಚಿಕೊಂಡಿರುತ್ತದೆ, ತೊಳೆಯುವಾಗ ಶಾಪ ಹಾಕುತ್ತೇವೆ, ಹುಳಿಗೆ ಹಾಕಿದ ಮೇಲೆ ಹೊಗಳುತ್ತೇವೆ. ಬನವಾಸಿಯ ಆಚೆ ಹಾನಗಲ್ಲ ಸೀಮೆಯವರು ಹೊಲದ ಮೂಲೆಯಲ್ಲಿ ಮನೆಖರ್ಚಿಗೆ ಹಾಕಿದ್ದು ನೆಲ್ಲಿಕಾಯಿ ಗಾತ್ರಕ್ಕೂ ಸಿಗುತ್ತದೆ. ಅದನ್ನು ಬಚ್ಚಲ ಒಲೆಯ ಬಿಸಿ ಬೂದಿಯಲ್ಲಿ ಹುಗಿದಿಟ್ಟು, ಸ್ನಾನ ಮುಗಿಸಿ ಬಂದು ಕೆದಕಿ ತೆಗೆದು, ಕೊಬ್ಬರಿ ಎಣ್ಣೆ, ಉಪ್ಪು, ನುರಿದ ಸೂಜಿಮೆಣಸಿನ ಜೊತೆ ತಿನ್ನಬೇಕು. ಹಾಗೆ ತಿಂದ ದಿನ ಮಧ್ಯಾಹ್ನದ ಊಟ ತಡವಾದರೂ ಯಾರಿಗೂ ಕೋಪ ಬರುವುದಿಲ್ಲ.

ಶೀತಲಗೃಹದಲ್ಲಿ ತಿಂಗಳುಗಟ್ಟಲೆ ಮಲಗಿ ಬಂದ ಬಟಾಟೆ ವರ್ಷವಿಡೀ ಇದ್ದೇ ಇದೆ. ಚೌತಿ ಕಳೆದು ಹೊಸತು ಬರತೊಡಗಿತೆಂದರೆ ನನಗೆ ಹಬ್ಬ ಇನ್ನೊಮ್ಮೆ ಶುರು. ನೆಂಟರ ಮನೆಗಳಲ್ಲಿ ಬಟ್ಟಲಲ್ಲಿ ನಾಲ್ಕು ನಮೂನೆ ಇಟ್ಟು ನನ್ನನ್ನು ಪರೀಕ್ಷೆ ಮಾಡುವುದಿತ್ತು. ನಾನು ಒಂದೊಂದನ್ನೇ ನೋಡಿ ಊರು ಹೇಳುತ್ತಿದ್ದೆ. ತಪ್ಪುತ್ತಿರಲಿಲ್ಲ.

ನಾಗವೇಣಿ ನಮ್ಮ ಓಣಿಗೆ ಬಂದದ್ದು ಅಂಥ ಒಂದು ಚೌತಿ ಮುಗಿದ ವಾರದಲ್ಲಿ. ಸಿದ್ದಾಪುರ ತಾಲೂಕಿನ ಮನ್ಮನೆ ಕಡೆಯವಳು, ನನಗಿಂತ ಹತ್ತು ವರ್ಷಕ್ಕೆ ಚಿಕ್ಕವಳು. ಗಂಡ ತೀರಿಕೊಂಡ ಮೇಲೆ ಅಣ್ಣನ ಮನೆಯಲ್ಲಿದ್ದಳಂತೆ. ಮಗಳು ಪಲ್ಲವಿ ಶಿರಸಿಯಲ್ಲಿ ಪಿಯುಸಿಗೆ ಸೇರಿದ್ದಳು, ಅವಳನ್ನು ಓದಿಸಬೇಕೆಂದು ಎರಡು ಕೋಣೆಯ ಬಾಡಿಗೆ ಮನೆ ಹಿಡಿದಿದ್ದಳು. ಅಣ್ಣ ಕಳಿಸುವಾಗ ಒಂದು ಮಾತು ಹೇಳಿ ಕಳಿಸಿದ್ದನಂತೆ. ಅದನ್ನು ಅವಳು ಮೊದಲ ದಿನವೇ ನನ್ನ ಮೆಟ್ಟಿಲ ಮೇಲೆ ಕೂತು ನಗುತ್ತಲೇ ಹೇಳಿದಳು.

"ಒಂದು ವರ್ಷ ನೋಡು, ನಿನ್ನ ಕಾಲ ಮೇಲೆ ನೀನು ನಿಂತ್ರೆ ಆತು, ಇಲ್ಲೆ ಅಂದ್ರೆ ಕೂಸಿನ ಓದೂ ಬೇಡ ಎಂತೂ ಬೇಡ, ವಾಪಸ್ ಬಾ ಹೇಳಿದ್ದ ಅಣ್ಣ. ಯಂಗೆ ಅಡಿಗೆ ಒಂದು ಬತ್ತು ಅಕ್ಕಾ. ಎಲ್ಲಾದ್ರೂ ಕೆಲಸ ಇದ್ರೆ ಹೇಳು."

ನಾನು ಹೇಳಿದೆ. ನನ್ನ ಕೈಮೀರಿದ ಎರಡು ಸಣ್ಣ ಊಟ ಅವಳಿಗೆ ಕೊಡಿಸಿದೆ. ಅದನ್ನು ಈಗಲೂ ಎತ್ತಿ ಹೇಳುತ್ತಿದ್ದೇನೆ ನೋಡಿ. ಒಳ್ಳೆಯದು ಮಾಡಿದ್ದು ಅಷ್ಟೇ ಇದ್ದರೆ ಅದನ್ನೇ ಹೇಳಿಕೊಳ್ಳಬೇಕಾಗುತ್ತದೆ.

ವಾರ ಕಳೆಯುವುದರೊಳಗೆ ಅವಳು ಒಂದು ಸ್ಟೀಲಿನ ಡಬ್ಬಿಯಲ್ಲಿ ಬಟಾಟೆ ಕಾಯಿರಸ ತಂದುಕೊಟ್ಟಳು. ನನಗೆ, ಬಟಾಟೆ! ಧೈರ್ಯವೇ ಅನ್ನಿಸಿತು. ನಮ್ಮನೆಯವರು ಸೊಸೈಟಿಯ ಕೆಲಸ ಮುಗಿಸಿ ಊಟಕ್ಕೆ ಬಂದಿದ್ದರು. ಹಾಕಿಸಿಕೊಂಡರು. ಇನ್ನೊಮ್ಮೆ ಹಾಕಿಸಿಕೊಂಡರು. ಮೂರನೆಯ ಸಲ ಡಬ್ಬಿಯನ್ನೇ ಎಳೆದುಕೊಂಡು ಬಳಿದರು. ಇಪ್ಪತ್ತೆಂಟು ವರ್ಷ ನನ್ನ ಅಡಿಗೆಗೆ "ಅಡ್ಡಿಲ್ಲೆ" ಎಂಬುದಕ್ಕಿಂತ ಉದ್ದದ ಮಾತು ಹೇಳದ ಮನುಷ್ಯ.

"ರಾಶಿ ಚೊಲೋ ಆಯ್ದು ಮಾರಾಯ್ತಿ. ಇದಕ್ಕೆ ಎಂತ ಹಾಕ್ತು ಹೇಳಿ ಕೇಳ್ಕ್ಯಂಡು ಬಾ."

ನಾನು ಕೇಳಿಕೊಂಡು ಬರಲು ಹೋಗಲಿಲ್ಲ. ನೋಡಿಕೊಂಡು ಬರಲು ಹೋದೆ. ಅವಳು ಹಿತ್ತಿಲಲ್ಲಿ ಕೂತು ಸಣ್ಣ ಬೆಳಗಾವಿ ಬಟಾಟೆಯನ್ನು ಒದ್ದೆ ಗೋಣಿತಟ್ಟಿನ ಮೇಲೆ ಸುರಿದು, ತಟ್ಟಿನ ಎರಡು ತುದಿ ಹಿಡಿದು ಹಿಂದೆ ಮುಂದೆ ಉರುಳಿಸುತ್ತಿದ್ದಳು. ಸಿಪ್ಪೆ ಅರ್ಧ ಹೋಗಿ ಅರ್ಧ ಉಳಿದಿತ್ತು. ಚಾಕು ಮುಟ್ಟಿಸಿರಲಿಲ್ಲ, ಹೋಳು ಮಾಡಿರಲಿಲ್ಲ. ಪ್ರತಿಯೊಂದನ್ನೂ ಬೆರಳಲ್ಲಿ ತುಸು ಒತ್ತಿ ಬಿರುಕು ಬಿಡಿಸಿ ಹಾಗೇ ಪಾತ್ರೆಗೆ ಹಾಕಿದಳು. ರಸ ಆ ಬಿರುಕಿನಿಂದ ಒಳಗೆ ಹೋಗುತ್ತದೆ. ನಾನು ಇಷ್ಟು ವರ್ಷ ಹೊಸ ಬಟಾಟೆಯನ್ನೂ ಹಳೆಯದರಂತೆ ಸುಲಿದು ಚೌಕ ಚೌಕ ಹೆಚ್ಚುತ್ತಿದ್ದೆ. ಊರು ಗುರುತಿಸುವುದು ಗೊತ್ತಿತ್ತು, ಅದನ್ನು ಅದರ ಪಾಡಿಗೆ ಬಿಡುವುದು ಗೊತ್ತಿರಲಿಲ್ಲ.

"ಇಷ್ಟೆಯನ?" ಎಂದೆ.

"ಇಷ್ಟೆಯ. ಆನು ಎಂತೂ ಮಾಡ್ತ್ನಿಲ್ಲೆ ಅಕ್ಕಾ. ಹೊಸತಾದ್ರೆ ಅದೇ ಮಾಡ್ಕತ್ತು."

ಆ ಮಾತಿಗೆ ನನ್ನ ಮೈಯೆಲ್ಲ ಉರಿಯಿತು. ಕಷ್ಟಪಟ್ಟೆ, ಅಜ್ಜಿಯಿಂದ ಕಲಿತೆ, ಗುಟ್ಟು ಇದೆ ಎಂದಿದ್ದರೆ ತಡೆದುಕೊಳ್ಳಬಹುದಿತ್ತು. ಏನೂ ಮಾಡದೆ ಹಾಗೆ ಬರುತ್ತದೆ ಎಂದರೆ ಮಾಡಿ ಮಾಡಿ ಸವೆದವಳು ಎಲ್ಲಿಗೆ ಹೋಗಬೇಕು?

ಮನೆಗೆ ಬಂದು ನಾನೂ ಗೋಣಿತಟ್ಟು ಹಿಡಿದೆ. ಮಾಡಿದ್ದು ಕೆಟ್ಟಿರಲಿಲ್ಲ. ನಮ್ಮನೆಯವರು ತಿಂದು, "ಅಡ್ಡಿಲ್ಲೆ" ಎಂದರು. ಅವತ್ತು ಪಾತ್ರೆ ತೊಳೆಯುವಾಗ ನಾನು ಮಾಡಿದ ಸದ್ದು ಪಕ್ಕದ ಮನೆಗೂ ಕೇಳಿರಬೇಕು.

ಆಮೇಲೆ ಬಸಣ್ಣನ ಸರದಿ. ಬನವಾಸಿ ಆಚೆಯಿಂದ ಮಂಗಳವಾರದ ಸಂತೆಗೆ ಬರುವ ವ್ಯಾಪಾರಿ. ಹೊಸ ಬಟಾಟೆ ಬಂತೆಂದರೆ ಅತಿ ಸಣ್ಣದನ್ನೆಲ್ಲ ಆರಿಸಿ ನನಗೆಂದು ಬುಟ್ಟಿಯ ಕೆಳಗೆ ಇಡುತ್ತಿದ್ದ. ವರ್ಷಗಳಿಂದ ನಡೆದುಬಂದದ್ದು. ಆ ಮಂಗಳವಾರ ಹೋದರೆ ಬುಟ್ಟಿಯ ಕೆಳಗೆ ಏನೂ ಇಲ್ಲ.

"ಸಣ್ಣೂವು ಮುಗದ್ವು ನೋಡ್ರಿ ಅಕ್ಕಾರ. ನಿಮ್ಮ ಓಣಿ ಅಕ್ಕಾರು ಮುಂಜಾನೆನ ಬಂದು ಒಯ್ದ್ರು. ನೀವು ಬ್ಯಾರೆ ಅವರು ಬ್ಯಾರೆ ಅಂತ ನಂಗೇನ್ ಗೊತ್ರಿ, ನಿಮ್ಮ ಹೆಸರ ಹೇಳಿದ್ರು ಅವ್ರು. ಅಕ್ಕನ ಕಡಿಂದ ಬಂದೀನಿ ಅಂದ್ರು."

ಸುಳ್ಳಲ್ಲ. ಬಸಣ್ಣನ ಹತ್ತಿರ ಹೋಗು ಎಂದು ನಾನೇ ಹೇಳಿದ್ದೆ. ಆದರೆ ಬುಟ್ಟಿಯ ಕೆಳಗಿನದನ್ನು ತಗೋ ಎಂದಿರಲಿಲ್ಲ. ಬಸಣ್ಣ ದೊಡ್ಡ ಬಟಾಟೆ ತೂಗುತ್ತ, "ಅವ್ರ ಕೈಯಾಗ ಏನೋ ಐತ್ರಿ. ಹ್ವಾದ ವಾರ ಅವ್ರು ಹೇಳಿಕೊಟ್ಟಂಗ ನಮ್ಮನ್ಯಾಗ ಮಾಡಿದ್ರ ನಮ್ಮ ಹುಡುಗ್ರು ಪಾತ್ರಿ ನೆಕ್ಕಿದ್ರು" ಎಂದ. ನಾನು ಚೀಲ ಅಲ್ಲೇ ಕೆಡವಿ ಬಂದುಬಿಡೋಣ ಎಂದುಕೊಂಡೆ. ಬರಲಿಲ್ಲ, ಮರುದಿನ ಒಂದು ನಾಮಕರಣದ ಊಟವಿತ್ತು.

ದೀಪಾವಳಿಯ ನಂತರ ತುಳಸಿ ಮದುವೆಯ ದಿನ ನಮ್ಮ ಓಣಿಯವರೆಲ್ಲ ಮನೆಗೊಂದು ಅಡಿಗೆ ಮಾಡಿ ತಂದು ಒಟ್ಟಿಗೆ ಉಣ್ಣುವುದು ರೂಢಿ. ಈ ಸಲ ತೋರಿಸಿಯೇ ಬಿಡುತ್ತೇನೆಂದು ನಾನು ಹಾಸನದಲ್ಲಿದ್ದ ತಂಗಿಗೆ ಹೇಳಿ ಬಸ್ಸಿನಲ್ಲಿ ಒಂದು ಚೀಲ ಅಲ್ಲಿಯ ಹೊಸ ಬಟಾಟೆ ತರಿಸಿದೆ. ಹಶಿ ಮಾಡಿದೆ. ಮೊಸರು ಹುಳಿಯೇರದಂತೆ ಕೊನೆಯ ಗಳಿಗೆಗೆ ಬೆರೆಸಿ, ಹಸಿಮೆಣಸು, ಶುಂಠಿ ಜಜ್ಜಿ ಹಾಕಿ, ಬಿಳಿ ಹಶಿಯ ಮೇಲೆ ಕರಿಬೇವಿನ ಒಗ್ಗರಣೆ ಚೆಲ್ಲಿ ಪಾತ್ರೆ ಇಟ್ಟೆ. ನಾಗವೇಣಿ ಬೆಳಗಾವಿಯ ಗೋಲಿ ಬಟಾಟೆಯನ್ನು ಸಿಪ್ಪೆ ಸಮೇತ ಕೊಬ್ಬರಿ ಎಣ್ಣೆಯಲ್ಲಿ ಬಾಡಿಸಿ, ಎಳ್ಳು, ಒಣಮೆಣಸು, ಚೂರು ಬೆಲ್ಲ ಹಾಕಿ ಪಲ್ಯ ಮಾಡಿ ತಂದಿದ್ದಳು. ಅಷ್ಟೇ. ನಾನು ನನ್ನ ಎಲೆ ಬಿಟ್ಟು ಎಲ್ಲರ ಎಲೆ ನೋಡುತ್ತ ಕೂತಿದ್ದೆ. ನನ್ನ ಹಶಿಯನ್ನು ಎಲ್ಲರೂ ತಿಂದರು, ಚೆನ್ನಾಗಿದೆ ಎಂದರು. ಅವಳ ಪಲ್ಯವನ್ನು ಯಾರೂ ಏನೂ ಎನ್ನಲಿಲ್ಲ, ಮಾತು ಬಿಟ್ಟು ತಿಂದರು. ಪಾತ್ರೆ ಎರಡನೆಯ ಸುತ್ತಿಗೆ ಬರುವ ಮೊದಲೇ ಖಾಲಿ. ನನ್ನ ಎಲೆಗೆ ಬಿದ್ದಿದ್ದ ಒಂದು ಬಟಾಟೆಯನ್ನು ಗುಟ್ಟಾಗಿ ಬಾಯಿಗೆ ಹಾಕಿಕೊಂಡೆ. ಸಿಪ್ಪೆ ಹಲ್ಲಿಗೆ ಚಟ್ ಎಂದು ಒಡೆದು ಒಳಗೆ ಬೆಣ್ಣೆ. ನನ್ನ ಕೈಯಲ್ಲಿ ಎಂದೂ ಆಗದ್ದು ಎಂದು ಅಲ್ಲೇ ಗೊತ್ತಾಯಿತು.

ಗೊತ್ತಾದದ್ದನ್ನು ಒಪ್ಪಿಕೊಂಡಿದ್ದರೆ ಈ ಬರಹದ ಅವಶ್ಯಕತೆ ಇರುತ್ತಿರಲಿಲ್ಲ.

ಹುಲೇಕಲ್‌ನಲ್ಲಿ ನಮ್ಮನೆಯವರ ಸೋದರತ್ತೆ ಇದ್ದರು, ಗೌರತ್ತೆ. ಪ್ರತಿ ವರ್ಷ ಧನುರ್ಮಾಸಕ್ಕೆ ಮುಂಚೆ ಅವರ ಮಾವನವರ ತಿಥಿ ಬರುತ್ತಿತ್ತು. ತಿಥಿಯ ಅಡಿಗೆ ಬೇರೆ ಲೆಕ್ಕ. ಮಡಿಯುಟ್ಟು, ಖಾಲಿ ಹೊಟ್ಟೆಯಲ್ಲಿ ನಿಂತು ಮಾಡಬೇಕು. ಮಂಡಿ ನೋವಿನ ನಾನು ಅದನ್ನು ಎಂದೋ ಬಿಟ್ಟಿದ್ದೆ. ಗೌರತ್ತೆಗೂ ವಯಸ್ಸಾಗಿ ಕೈಲಾಗುತ್ತಿರಲಿಲ್ಲ, ಕಣ್ಣಿಗೆ ಪೊರೆ ಬೇರೆ. ಅವರ ಕುಟುಂಬದ ಹನ್ನೆರಡು ಮನೆಗಳಿಗೂ ಇದೇ ತೊಂದರೆ. ಮಡಿಯಲ್ಲಿ ಚೊಕ್ಕಟವಾಗಿ ಮಾಡುವವರೊಬ್ಬರು ಸಿಕ್ಕರೆ ವರ್ಷದ ಅಷ್ಟೂ ತಿಥಿ ಅವರಿಗೇ ಎಂದು ಮಾತಾಡಿಕೊಂಡಿದ್ದರು. ನಮ್ಮನೆಯವರು ಸುಮ್ಮನಿರಬೇಕಲ್ಲ, ಸಿಕ್ಕಿದಾಗ ನಾಗವೇಣಿಯ ಹೆಸರು ಹೇಳಿದರು. ಗೌರತ್ತೆ ಒಪ್ಪಿದರು. ಈ ತಿಥಿ ಸರಿಯಾಗಿ ನಡೆದರೆ ಹನ್ನೆರಡು ಮನೆಯೂ ಅವಳದು. ಅಣ್ಣ ಕೊಟ್ಟ ವರ್ಷ ಮುಗಿಯುವ ಮೊದಲೇ ಅವಳು ಗೆದ್ದ ಹಾಗೆ.

"ನೀನು ಬತ್ತೆ ಅಲ್ದನೇ ಅಕ್ಕಾ? ನೀನಿದ್ರೆ ಯಂಗೆ ಧೈರ್ಯ" ಎಂದಳು. ನೆಂಟರ ಲೆಕ್ಕದಲ್ಲಿ ನಾನು ಹೇಗೂ ಹೋಗಬೇಕಿತ್ತು.

ತಿಥಿಗೆ ಬಟಾಟೆ ಆಗದು. ನಮ್ಮವರಲ್ಲಿ ಇದು ಮಕ್ಕಳಿಗೂ ಗೊತ್ತು. ಟೊಮೆಟೊ, ಕೋಸು, ಬೀನ್ಸ್, ಬಟಾಟೆ ಎಲ್ಲ ಹೊರದೇಶದಿಂದ ಬಂದವು, ಪಿತೃಗಳ ಎಲೆಗೆ ಬಡಿಸುವುದಿಲ್ಲ. ಬಾಳೆಕಾಯಿ, ಸುವರ್ಣಗೆಡ್ಡೆ, ಹಾಗಲಕಾಯಿ, ಇಲ್ಲಿಯ ನೆಲದ್ದೇ ಬೇಕು. ಇನ್ನೊಂದು ಮಾತು. ತಿಥಿಯ ಅಡಿಗೆಯನ್ನು ಬ್ರಾಹ್ಮಣರು ಉಂಡು ಏಳುವವರೆಗೆ ಯಾರೂ ಬಾಯಿಗೆ ಹಾಕುವಂತಿಲ್ಲ. ಮಾಡಿದವಳೂ ರುಚಿ ನೋಡುವಂತಿಲ್ಲ, ಹತ್ತಿರ ಹಿಡಿದು ಮೂಸುವಂತಿಲ್ಲ. ಮಡಿಯಲ್ಲಿ ಇಲ್ಲದವರು ಪಾತ್ರೆ ಮುಟ್ಟುವಂತೆಯೂ ಇಲ್ಲ.

ಆ ದಿನ ಹನ್ನೊಂದು ಗಂಟೆಯ ಹೊತ್ತಿಗೆ ನಾನು ಅಡಿಗೆ ಮನೆಯ ಹೊಸ್ತಿಲ ಈಚೆ ನಿಂತೆ. ಒಳಗೆ ನಾಗವೇಣಿ ಒದ್ದೆ ಮಡಿಯಲ್ಲಿ, ಬೆವರಿಳಿಯುತ್ತ, ಎಲ್ಲ ಮುಗಿಸಿ ಪಾತ್ರೆಗಳನ್ನು ಸಾಲಾಗಿ ಜೋಡಿಸುತ್ತಿದ್ದಳು. ಹೊರ ಜಗುಲಿಯಲ್ಲಿ ಪುರೋಹಿತರ ಮಂತ್ರ ನಡೆದಿತ್ತು. ಕಾಯಿರಸದ ಪಾತ್ರೆಯ ಮುಚ್ಚಳ ಸರಿದಿತ್ತು. ಹಸಿರು ರಸದಲ್ಲಿ ಗೋಲಿ ಗಾತ್ರದ, ಸುಲಿದ, ದುಂಡನೆಯ ಗೆಡ್ಡೆಗಳು ತೇಲುತ್ತಿದ್ದವು.

ವಾಸನೆ ಮೂಗಿಗೆ ಬಡಿದ ಕೂಡಲೇ ನನಗೆ ತಿಳಿಯಿತು, ಅದು ಸಾಂಬ್ರಾಣಿ ಗೆಡ್ಡೆ. ನಮ್ಮ ಹಳ್ಳಿಗಳಲ್ಲಿ ಮಳೆಗಾಲದಲ್ಲಿ ನೆಟ್ಟು ದೀಪಾವಳಿ ಕಳೆದ ಮೇಲೆ ಕೀಳುವ ಪುಟ್ಟ ಗೆಡ್ಡೆ. ಸುಲಿದು ಬೇಯಿಸಿದರೆ ನೋಡಲು ಥೇಟು ಹೊಸ ಬಟಾಟೆ, ವಾಸನೆ ಮಾತ್ರ ಬೇರೆ, ಹೆಸರಿಗೆ ತಕ್ಕಂತೆ ಸ್ವಲ್ಪ ಧೂಪದ ಹಾಗೆ. ಬಟಾಟೆಗೆ ಆ ಪರಿಮಳ ಏಳು ಜನ್ಮಕ್ಕೂ ಬರದು. ನಲವತ್ತು ವರ್ಷ ಗೆಡ್ಡೆ ಮೂಸಿದ ಮೂಗು ನನ್ನದು.

ಆದರೂ ಬಾಯಿಂದ ಬಂದದ್ದು ಬೇರೆ. ಗಟ್ಟಿಯಾಗಿಯೇ ಬಂತು.

"ಕಾಯಿರಸಕ್ಕೆ ಬಟಾಟೆ ಹಾಕಿದ್ಯನೇ ನಾಗವೇಣಿ?"

ಅಲ್ಲೇ ಕಂಬಕ್ಕೆ ಒರಗಿ ಕೂತಿದ್ದ ಗೌರತ್ತೆ ಧಡಕ್ಕನೆ ಎದ್ದರು. ನಾಗವೇಣಿ ನಕ್ಕಳು. "ಅಯ್ಯೋ, ಅಲ್ದೇ ಅಕ್ಕಾ. ಸಾಂಬ್ರಾಣಿ ಗೆಡ್ಡೆ. ಮನ್ಮನೆಯಿಂದ ಅಣ್ಣ ಕಳ್ಸಿದ್ದು. ಮಣ್ಣು ರಾಶಿ ಹೇಳಿ ಮನೇಲೇ ಗೋಣಿಗೆ ತಿಕ್ಕಿ ಸುಲ್ಕಂಡು ತಂದಿ. ಎಂಗ್ಳ ಕಡೆ ತಿಥಿಗೆ ಇದನ್ನೇ ಮಾಡ್ತ್ವಲ್ದ."

ಸಿಪ್ಪೆ ಇದ್ದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಸಿಪ್ಪೆ ಶಿರಸಿಯಲ್ಲಿತ್ತು. ಹಸಿ ಗೆಡ್ಡೆ ಒಂದಾದರೂ ಉಳಿದಿದೆಯೇ ಎಂದರೆ ತಂದದ್ದಷ್ಟೂ ಪಾತ್ರೆಗೆ ಹಾಕಿದ್ದಳು. ಒಂದು ಚೂರು ಬಾಯಿಗೆ ಹಾಕಿ ನೋಡಿದರೆ ಯಾರಿಗಾದರೂ ತಿಳಿಯುತ್ತಿತ್ತು, ಬಾಯಿಗೆ ಹಾಕುವಂತಿಲ್ಲ. ಗೌರತ್ತೆ ಪೊರೆ ಬಂದ ಕಣ್ಣನ್ನು ಕಿರಿದು ಮಾಡಿ ಪಾತ್ರೆಯೊಳಗೆ ಬಗ್ಗಿದರು, ಏನೂ ತಿಳಿಯಲಿಲ್ಲ. ನನ್ನ ಕಡೆ ತಿರುಗಿದರು.

"ಸುಮಿತ್ರಾ, ನೀನೇ ನೋಡಿ ಹೇಳು ಮಾರಾಯ್ತಿ. ಬಟಾಟೆ ವಿಷ್ಯದಲ್ಲಿ ನಿನ್ನ ಕಣ್ಣು ತಪ್ಪತಿಲ್ಲೆ. ಇದು ಬಟಾಟೆ ಹೌದ, ಅಲ್ದ?"

ನಾಗವೇಣಿಯೂ ನನ್ನನ್ನೇ ನೋಡಿದಳು. ಮುಖದಲ್ಲಿ ಹೆದರಿಕೆ ಇರಲಿಲ್ಲ. ಅಕ್ಕ ಹೇಳುತ್ತಾಳೆ ಎಂಬ ನೆಮ್ಮದಿ ಇತ್ತು. ಆ ನೆಮ್ಮದಿಯನ್ನು ಕಂಡೂ ನನಗೆ ಹೊಟ್ಟೆಕಿಚ್ಚಾಯಿತು ಎಂದರೆ ನಂಬುತ್ತೀರಾ? ತುಳಸಿ ಮದುವೆಯ ದಿನದ ಖಾಲಿ ಪಾತ್ರೆ, ಬಸಣ್ಣನ ಬುಟ್ಟಿ, ಡಬ್ಬಿ ಬಳಿಯುವ ಗಂಡನ ಕೈ ಎಲ್ಲ ಒಟ್ಟಿಗೆ ಬಂದವು.

"ಆನು ಎಂತ ಹೇಳಲಿ ಅತ್ತೆ? ಕಾಂಬಲೆ ಬಟಾಟೆ ಹಾಂಗೇ ಕಾಣ್ತು" ಎಂದೆ.

ಸುಳ್ಳು ಹೇಳಿಲ್ಲ ಎಂದು ಆಮೇಲೆ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಕಾಣುವುದು ಹಾಗೆಯೇ ಅಲ್ಲವೇ? ಹಾಗೆ ಹೇಳಿಕೊಳ್ಳಬೇಕಾಗಿ ಬಂದದ್ದೇ ಎಲ್ಲವನ್ನೂ ಹೇಳುತ್ತದೆ.

ಜಗುಲಿಯಿಂದ ಪುರೋಹಿತರು ಎದ್ದು ಬಂದು ವಿಷಯ ಕೇಳಿದರು. ಬೈಯಲಿಲ್ಲ, ಕೂಗಲಿಲ್ಲ. "ಸಂಶಯ ಬಂದ್ಮೇಲೆ ಬೇಡ. ಅದನ್ನ ಬಿಟ್ಟಿಕ್ಕಿ ಬೇರೆ ಒಂದು ಮಾಡಿ" ಎಂದಷ್ಟೇ ಹೇಳಿ ಹೋದರು. ಪಾತ್ರೆಯಷ್ಟನ್ನೂ ಹಿತ್ತಿಲ ಗೊಬ್ಬರ ಗುಂಡಿಗೆ ಸುರಿಸಿದರು. ಕೊತ್ತಂಬರಿಯ, ಧೂಪದ ಪರಿಮಳ ಹಿತ್ತಿಲಿಡೀ ಹರಡಿತು. ಯಾರಾದರೂ ಒಬ್ಬರು ಸರಿಯಾಗಿ ಮೂಸಿದ್ದರೂ ಸಾಕಿತ್ತು. ನಾಗವೇಣಿ ಒಲೆಗೆ ಮತ್ತೆ ಸೌದೆ ಒಡ್ಡಿದಳು. ಬಾಳೆಕಾಯಿ ಹೆಚ್ಚಿದಳು. ಬ್ರಾಹ್ಮಣರ ಊಟ ಹೊತ್ತು ಮೀರಿ ಆಯಿತು. ಗೌರತ್ತೆ ಬಾಳೆಕಾಯಿ ಪಲ್ಯವನ್ನು ಒಂದು ಮಾತಿನಲ್ಲೂ ಹೊಗಳಲಿಲ್ಲ. ಅದೂ ಅದ್ಭುತವಾಗಿತ್ತು, ನಾನು ಉಂಡಿದ್ದೇನೆ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಅವಳು ನಮ್ಮ ಮನೆಗೆ ಬಂದಳು. ಕೈಯಲ್ಲಿ ಒಂದು ಬಟ್ಟಲು, ಅದರಲ್ಲಿ ಮಣ್ಣು ಮೆತ್ತಿದ ಐದಾರು ಸಾಂಬ್ರಾಣಿ ಗೆಡ್ಡೆ. ಮನೆಯಲ್ಲಿದ್ದ ಚೀಲದ ತಳದಲ್ಲಿ ಉಳಿದವಂತೆ.

"ನಿನ್ನ ಮೇಲೆ ಯಂಗೆ ಸಿಟ್ಟಿಲ್ಲೆ ಅಕ್ಕಾ. ಕಾಂಬಲೆ ಹಾಂಗೇ ಇರ್ತು. ಆದ್ರೆ ನೋಡು, ಇದು ಹೌದ ಅಲ್ದ? ನೀನೇ ಗೌರತ್ತೆಗೆ ಒಂದು ಫೋನು ಮಾಡಿ ಹೇಳವು. ಆನು ಹೇಳಿದ್ರೆ ನಂಬತ್ವಿಲ್ಲೆ, ನೀನು ಹೇಳಿದ್ರೆ ನಂಬ್ತ. ತಿಥಿಗೆ ಬಟಾಟೆ ಹಾಕಿದ ಹೆಂಗ್ಸು ಹೇಳಿ ಹೆಸರು ಬಂದ್ರೆ ಯನ್ನ ಯಾರು ಕರೀತ?"

"ಮಾಡ್ತೆ. ನಾಳೆ ಬೆಳಿಗ್ಗೆ ಮಾಡ್ತೆ" ಎಂದೆ.

ಅವಳು ನನ್ನ ಎರಡೂ ಕೈ ಹಿಡಿದು ಹೋದಳು. ಮರುದಿನ ಬೆಳಿಗ್ಗೆ ಫೋನು ಕೈಗೆತ್ತಿಕೊಂಡೆ ಕೂಡ. ಏನು ಹೇಳುವುದು? ಆಗ ಗೊತ್ತಿರಲಿಲ್ಲ, ಈಗ ಗೊತ್ತಾಯಿತು ಎಂದರೆ ನನ್ನ ಕಣ್ಣು ತಪ್ಪಿತೆಂದು ಆಗುತ್ತದೆ. ಆಗಲೇ ಗೊತ್ತಿತ್ತು ಎಂದರೆ ಇನ್ನೂ ಕಷ್ಟ. ನಾಳೆ ಮಾಡಿದರಾಯಿತು ಎಂದು ಇಟ್ಟೆ. ಅಂಥ ನಾಳೆಗಳು ಎರಡು ವಾರ ನಡೆದವು. ಅಷ್ಟರಲ್ಲಿ ಗೌರತ್ತೆಯ ಮಾತು ಹನ್ನೆರಡು ಮನೆ ದಾಟಿ ಪೇಟೆಗೂ ಬಂದಿತ್ತು. ಮಡಿ ಅಡಿಗೆಗೆ ಕರೆಯುವವರು ಹಾಗಿರಲಿ, ನಾನು ಕೊಡಿಸಿದ್ದ ಸಣ್ಣ ಊಟದವರೂ ಹಿಂದೆ ಸರಿದರು. ದಾರಿಯಲ್ಲಿ ಸ್ವರ್ಣವಲ್ಲಿ ಮಠಕ್ಕೆ ಹೋಗುವ ಬಸ್ಸಿಗೆ ಕಾಯುತ್ತ ನಿಂತಾಗ ಒಮ್ಮೆ ನಾಗವೇಣಿ ಸಿಕ್ಕಿದಳು. "ಫೋನು ಮಾಡಿದ್ಯನೇ?" ಎಂದು ಕೇಳಿದಳು. "ಹೂಂ" ಎಂದೆ. ಬಸ್ಸು ಬಂತು, ಹತ್ತಿದೆ.

ಸಂಕ್ರಾಂತಿಯ ಮರುವಾರ, ಅಣ್ಣ ಕೊಟ್ಟ ವರ್ಷ ತುಂಬುವ ಮೊದಲೇ, ಬಾಡಿಗೆ ಕಟ್ಟಲಾಗದೆ ಅವಳು ಮನೆ ಖಾಲಿ ಮಾಡಿದಳು. ಪಲ್ಲವಿಯ ಪರೀಕ್ಷೆಗೆ ಇನ್ನೂ ಸ್ವಲ್ಪ ದಿನ ಇತ್ತು. ಹೋಗುವ ಮೊದಲು ಬಸಣ್ಣನಿಂದ ಆರಿಸಿ ತಂದಿದ್ದ ಸಣ್ಣ ಬಟಾಟೆಯ ಒಂದು ಬುಟ್ಟಿ ನನ್ನ ಬಾಗಿಲಲ್ಲಿ ಇಟ್ಟು ಹೋದಳು. ಊರಿಗೆ ಹೊತ್ತುಕೊಂಡು ಹೋಗಲಾಗದು, ಹಾಳಾಗುತ್ತದೆ ಎಂದಳು. ನಾವು ಅದನ್ನು ನಾಲ್ಕು ದಿನ ತಿಂದೆವು. ಮುಂದಿನ ಚೌತಿಗೆ ಬಸಣ್ಣನ ಬುಟ್ಟಿಯ ಕೆಳಗಿನದು ಮತ್ತೆ ನನಗೇ ಸಿಗತೊಡಗಿತು. ಬಟಾಟೆ ಎಂದರೆ ಸುಮಿತ್ರಕ್ಕ ಎಂದು ಜನ ಮತ್ತೆ ಹೇಳತೊಡಗಿದರು.

ಇಲ್ಲಿಗೆ ಮುಗಿದಿದ್ದರೆ ನಾನು ಪಶ್ಚಾತ್ತಾಪಪಟ್ಟೆ ಎಂದು ಬರೆದು ಕೈ ತೊಳೆದುಕೊಳ್ಳಬಹುದಿತ್ತು. ಕಳೆದ ಚಳಿಗಾಲದಲ್ಲಿ ಯಲ್ಲಾಪುರಕ್ಕೆ ಒಂದು ಗೃಹಪ್ರವೇಶಕ್ಕೆ ಹೋಗಬೇಕಾಯಿತು. ಮುನ್ನೂರು ಎಲೆಯ ಊಟ. ಎರಡನೆಯ ಪಂಕ್ತಿಯಲ್ಲಿ ಕೂತೆ. ಎಲೆಯ ಬಲಗಡೆ ಸಿಪ್ಪೆ ಸಮೇತದ ಸಣ್ಣ ಬಟಾಟೆ ಪಲ್ಯ ಬಂದು ಬಿತ್ತು. ಒಂದು ಬಾಯಿಗೆ ಹಾಕಿದೆ. ಕೇಳಬೇಕಾಗಿರಲಿಲ್ಲ, ಆದರೂ ಬಡಿಸುವವಳನ್ನು ಕೇಳಿದೆ.

"ನಾಗವೇಣಕ್ಕನ ಅಡಿಗೆ. ಎಂಗ ಹತ್ತು ಜನ ಹೆಂಗಸರೇ ಇದ್ಯ, ದೊಡ್ಡ ದೊಡ್ಡ ಮದುವೆಗೂ ಹೋಗ್ತ್ಯ" ಎಂದಳು ಅವಳು ಹೆಮ್ಮೆಯಿಂದ.

ಬದುಕಿದ್ದಾಳೆ, ನಿಂತಿದ್ದಾಳೆ, ಗೆದ್ದಿದ್ದಾಳೆ ಎಂದು ನನಗೆ ಎದೆಯ ಭಾರ ಇಳಿಯಬೇಕಿತ್ತು. ಹತ್ತು ಜನ! ಮುನ್ನೂರು ಎಲೆ! ನಾನು ಇನ್ನೂ ಐವತ್ತು ಎಲೆಯಲ್ಲೇ ಇದ್ದೇನೆ ಎಂಬುದೇ ಮೊದಲು ಹೊಳೆಯಿತು.

ಸುದ್ದಿ ಒಳಗೆ ಮುಟ್ಟಿತೇನೋ, ನಾಗವೇಣಿಯೇ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಓಡಿಬಂದಳು. ತಲೆ ಅರ್ಧ ಬೆಳ್ಳಗಾಗಿತ್ತು. ಊಟಕ್ಕೆ ಕೂತವಳನ್ನು ತಬ್ಬಿಕೊಳ್ಳಲಾಗದೆ ನನ್ನ ಹೆಗಲ ಮೇಲೆ ಕೈಯಿಟ್ಟು ನಿಂತಳು. ಪಲ್ಲವಿಯ ಓದು ಆಗ ಒಂದು ವರ್ಷ ನಿಂತುಹೋಯಿತಂತೆ, ಆಮೇಲೆ ಯಲ್ಲಾಪುರದಲ್ಲಿ ಯಾರೋ ಕರೆದು ಕೆಲಸ ಕೊಟ್ಟು, ಮಗಳನ್ನು ಇಲ್ಲೇ ಸೇರಿಸಿ, ಈಗ ಅವಳು ಟೀಚರ್ ಆಗಿದ್ದಾಳಂತೆ. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಆಮೇಲೆ ತನ್ನ ಹುಡುಗಿಯರನ್ನು ಕರೆದಳು.

"ಬನ್ನಿ ಇಲ್ಲಿ. ಈ ಅಕ್ಕ ಯಾರು ಗೊತ್ತಿದ್ದ? ಯನ್ನ ಕಷ್ಟಕಾಲದಲ್ಲಿ ಯನ್ನ ಪರವಾಗಿ ಫೋನು ಮಾಡಿ ಹೇಳಿದ್ದು ಇಡೀ ಶಿರಸಿಯಲ್ಲಿ ಈ ಅಕ್ಕ ಒಂದೇಯ. ಅವು ನಂಬಿದ್ವಿಲ್ಲೆ, ಅದು ಬೇರೆ ಮಾತು."

ಆ ಹುಡುಗಿಯರು ನನ್ನನ್ನು ಗೌರವದಿಂದ ನೋಡಿದರು. ಒಬ್ಬಳು ಬಗ್ಗಿ ಕಾಲು ಮುಟ್ಟಲು ಬಂದಳು, ಊಟದ ನಡುವೆ ಬೇಡ ಎಂದು ತಡೆದೆ. ಇಷ್ಟು ವರ್ಷ ಅವಳು ನನ್ನನ್ನು ಹಾಗೆ ಇಟ್ಟುಕೊಂಡಿದ್ದಳು. ಹೇಳಿಬಿಡಲು ಅದಕ್ಕಿಂತ ಒಳ್ಳೆಯ ಗಳಿಗೆ ಇನ್ನೊಂದಿರಲಿಲ್ಲ. ಬಾಯಲ್ಲಿ ತುತ್ತಿತ್ತು, ನುಂಗಿದೆ. ಜನರ ಬಗ್ಗೆ ಒಳ್ಳೆಯದನ್ನೇ ನಂಬಿಕೊಂಡು ಹೀಗೆ ಹಗುರಾಗಿ ಬದುಕಲು ಬರುವುದೂ ಇವಳಿಗೇ ಏಕೆ ಬರಬೇಕು ಎಂದು ಒಳಗೆ ಉರಿಯಿತು.

ಅವಳು ನನ್ನ ಎಲೆಗೆ ಇನ್ನೊಂದು ಸೌಟು ಪಲ್ಯ ಹಾಕಿ, ಬಗ್ಗಿ ಕೇಳಿದಳು. "ಹೇಂಗಾಯ್ದು ಹೇಳೇ ಅಕ್ಕಾ. ಎಷ್ಟು ಜನ ಹೊಗಳಿದ್ರೂ ನಿನ್ನ ಬಾಯಿಂದ ಕೇಳವು ಯಂಗೆ."

ನಾನು ಒಂದು ಬಟಾಟೆಯನ್ನು ನಿಧಾನಕ್ಕೆ ಅಗಿದೆ.

"ಚೊಲೋ ಆಯ್ದು. ಉಪ್ಪು ಒಂಚೂರು ಸಾಲ್ತಿಲ್ಲೆ ನೋಡು" ಎಂದೆ.

ಅವಳ ಮುಖ ಸಣ್ಣದಾಯಿತು. "ಹೌದನೇ? ಅಯ್ಯೋ, ಇನ್ನೂ ಎರಡು ಪಂಕ್ತಿ ಇದ್ದಲೇ" ಎನ್ನುತ್ತ ಅಡಿಗೆ ಮನೆಯ ಕಡೆ ಓಡಿದಳು. ಉಪ್ಪು ಹದವಾಗಿಯೇ ಇತ್ತು.